ಅಕ್ಕಿ ಅರಳುವ ಹದ

ಸೋಮವಾರ ಬೆಳಗ್ಗೆ ಬುಡೇನ್‌ಸಾಬರಿಗೆ ಮನೆಗೆ ಹೊಂದಿಕೊಂಡ ತಮ್ಮ ಮಂಡಕ್ಕಿ ಭಟ್ಟಿಯ ಆಳು ತಿಪ್ಪೇಶಿಯನ್ನು ಬೈಯಬೇಕಾಗಿ ಬಂತು. "ಲೇ ತಿಪ್ಪೇಶಿ, ಅಕ್ಕಿಗೆ ಉಪ್ಪು ಹಾಕ್ತಿಯೋ, ಇಲ್ಲಾ ಗೋಡೆಗೆ ಸುಣ್ಣ ಬಳೀತಿಯೋ?" ಎನ್ನಲು ಅವರ ಗಂಟಲು ಹೊರಟಿತು. ಆದರೆ ಗೋಡೆಯ ಹಲಗೆಯ ಮೇಲಿದ್ದ ಹೊಸ ಪೆಟ್ಟಿಗೆ ಹೇಳಿದ್ದೇ ಬೇರೆ: "ತಿಪ್ಪೇಶ್ ಅವರೇ, ದಯವಿಟ್ಟು ಉಪ್ಪಿನ ಪ್ರಮಾಣವನ್ನು ಸ್ವಲ್ಪ ಕಡಿಮೆ ಮಾಡಿರಿ."

ತಿಪ್ಪೇಶಿ ಹೆಗಲ ಮೇಲಿನ ಟವೆಲ್ಲು ತೆಗೆದು, ನೆಟ್ಟಗೆ ನಿಂತು, "ಆಗ್ಲಿ ಸಾರ್" ಅಂದುಬಿಟ್ಟ. ಇಪ್ಪತ್ತೆರಡು ವರ್ಷದಿಂದ ಅದೇ ಭಟ್ಟಿಯಲ್ಲಿ ಅಕ್ಕಿ ಹುರಿಯುತ್ತ, ಅವರ ಬೈಗುಳ ತಿಂದೇ ತಲೆ ಹಣ್ಣು ಮಾಡಿಕೊಂಡವನು ಅವರನ್ನು ಸಾರ್ ಎಂದದ್ದು ಅದೇ ಮೊದಲು. ಅಂದಮೇಲೆ ಅವನಿಗೇ ನಗು ತಡೆಯಲಾಗಲಿಲ್ಲ. ಅಕ್ಕಪಕ್ಕದ ಭಟ್ಟಿಯವರೂ ನಕ್ಕರು. ನಗದೆ ಉಳಿದವರು ಇಬ್ಬರೇ, ಬುಡೇನ್‌ಸಾಬರು ಮತ್ತು ಅವರ ಹೆಂಡತಿ ಮಾಬುನ್ನಿ.

ಮಾಬುನ್ನಿಗೆ ನಗು ಹೇಗೆ ಬಂದೀತು? ಆ ಪೆಟ್ಟಿಗೆ ಮನೆಗೆ ಬಂದಾಗಿನಿಂದ ಗಂಡನ ಜೊತೆ ಒಂದು ಜಗಳ ಆಡಲಿಕ್ಕೂ ಅವಳಿಗೆ ಆಗಿರಲಿಲ್ಲ. ಭಾನುವಾರ ಸಾರಿಗೆ ಹುಳಿ ಜಾಸ್ತಿಯಾಗಿತ್ತು. ಎಂದಿನಂತೆ ಅವರು ಗುರ್ರೆನ್ನಬೇಕು, ತಾನು ಎರಡು ಮಾತು ತಿರುಗಿಸಿ ಕೊಡಬೇಕು ಎಂದು ಸಿದ್ಧಳಾಗಿ ಕೂತಿದ್ದರೆ, ಪೆಟ್ಟಿಗೆ ವಾರ್ತೆ ಓದುವವರ ಗತ್ತಿನಲ್ಲಿ "ಸಾರು ಚೆನ್ನಾಗಿದೆ, ಹುಳಿ ತುಸು ಹೆಚ್ಚಾಗಿದೆ" ಎಂದಿತು. ಮನೆಯೊಳಗೆ ಯಾರೋ ಅಪರಿಚಿತ ಗಂಡಸು ಬಂದು ಕೂತಂತಾಗಿ ಅವಳು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು.

ಆರು ವರ್ಷದ ಹಿಂದೆ ಬುಡೇನ್‌ಸಾಬರ ಗಂಟಲಲ್ಲಿ ಗಡ್ಡೆಯಾಗಿ, ದಾವಣಗೆರೆಯ ಡಾಕ್ಟರು ಅವರ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದ್ದರು. ಜೀವ ಉಳಿಯಿತು, ಮಾತು ಹೋಯಿತು. ಆದರೆ ಧ್ವನಿ ಹೋದರೂ ಗಂಟಲಿಗೆ ಅದು ಗೊತ್ತಾಗುವುದಿಲ್ಲ. ಮನಸ್ಸಿನಲ್ಲಿ ಮಾತು ಹುಟ್ಟಿದರೆ ಸಾಕು, ಕುತ್ತಿಗೆ, ದವಡೆ, ನಾಲಿಗೆಯ ಬುಡದ ಸ್ನಾಯುಗಳು ಹಳೆಯ ರೂಢಿಯಂತೆ ಮಿಡಿಯುತ್ತಲೇ ಇರುತ್ತವೆ. ಆ ಮಿಡಿತವನ್ನು ಹಿಡಿಯುವುದೇ ಕೊರಳಪಟ್ಟಿ. ಪಟ್ಟಿ ಹಿಡಿದದ್ದನ್ನು ಮನೆಯಲ್ಲಿ ಉಳಿದಿದ್ದ ಹಳೆಯ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡು ಕ್ಷಣಾರ್ಧದಲ್ಲಿ ಲೆಕ್ಕಹಾಕಿ ಮಾತಾಗಿಸುತ್ತದೆ. ಹಿಂದೊಂದು ಕಾಲದಲ್ಲಿ ಆಟದ ಚಿತ್ರ ಕುಣಿಸಲಿಕ್ಕೆ ಹುಟ್ಟಿದ ಕಾರ್ಡು ಈಗ ಮೂಗರನ್ನು ಮಾತಾಡಿಸುವ ಕೆಲಸಕ್ಕೆ ಬಿದ್ದಿತ್ತು.

ಮೊದಮೊದಲು ಕಾರ್ಡಿಗೆ ಏನೂ ಬರುತ್ತಿರಲಿಲ್ಲ. ಬುಡೇನ್‌ಸಾಬರು "ನೀರು" ಎಂದರೆ ಅದು "ಬೇರು" ಎನ್ನುತ್ತಿತ್ತು. ಮಾಬುನ್ನಿ ಪಕ್ಕದಲ್ಲೇ ಕೂತು, "ಅವರು ಹಂಗನ್ನಲ್ಲ, ಹಿಂಗಂತಾರೆ" ಎಂದು ತಿದ್ದುತ್ತಿದ್ದಳು. ಹಳೆಯ ಫೋನುಗಳಲ್ಲಿ ಉಳಿದಿದ್ದ ಅವರ ಧ್ವನಿಯ ತುಣುಕುಗಳನ್ನೆಲ್ಲ ಹುಡುಕಿ ಅದಕ್ಕೆ ಕೇಳಿಸಿದಳು. ಹೊಗೆ ಕುಡಿದ ಆ ಗೊಗ್ಗರು ದನಿ, ಸಿಟ್ಟು ಬಂದಾಗ ಮಾತಿನ ಕೊನೆಯನ್ನು ಎಳೆಯುವ ಚಾಳಿ, ಎಲ್ಲವೂ ಆರು ವರ್ಷದಲ್ಲಿ ಒಂದೊಂದಾಗಿ ಕೂಡಿಕೊಂಡವು. ಕಲಿತದ್ದೆಲ್ಲ ಕಾರ್ಡಿನೊಳಗೇ ಉಳಿಯುವ ತಳಿ ಅದು. ಒಂದು ನಕಲು ತೆಗೆದಿಡೋಣ ಎಂದು ಧ್ವನಿ ಕೇಂದ್ರದವರು ಎಷ್ಟೋ ಸಲ ಹೇಳಿದ್ದರು. "ನನ್ನ ಗಂಟಲು ನನ್ನ ಮನೇಲೇ ಇರ್ಲಿ" ಎಂದು ಸಾಬರು ಕೈಯಾಡಿಸಿಬಿಟ್ಟಿದ್ದರು.

ಶನಿವಾರ ಮಧ್ಯಾಹ್ನ ಆ ಕಾರ್ಡು ಸತ್ತಿತು. ಮಾತಿನ ಮಧ್ಯೆ ಕರ್ರೆಂದಿತು, ಅಷ್ಟೇ. ಸ್ವಂತ ಕಂಪ್ಯೂಟರುಗಳನ್ನು ಮನೆಯಲ್ಲಿಡುವ ಕಾಲ ಮುಗಿದು ಹದಿನೈದು ವರ್ಷವಾಗಿತ್ತು. ಎಲ್ಲರ ಮನೆಯಲ್ಲೂ ಕೇಂದ್ರಕ್ಕೆ ಜೋಡಿಸಿದ ಬಾಡಿಗೆ ಪೆಟ್ಟಿಗೆಗಳೇ. ಅಂಥ ಕಾರ್ಡನ್ನು ಲೋಕದಲ್ಲಿ ಯಾರೂ ಮಾಡುತ್ತಲೂ ಇರಲಿಲ್ಲ, ಮಾರುತ್ತಲೂ ಇರಲಿಲ್ಲ. ಕೇಂದ್ರದವರು ಅಂದೇ ಸಂಜೆ ಐದಕ್ಕೆ ಬಂದು ಸಿದ್ಧಧ್ವನಿಯ ಪೆಟ್ಟಿಗೆ ಇಟ್ಟುಹೋದರು. ಗಂಟಲು ಏನು ಹೇಳಹೊರಟಿದೆ ಎಂದು ಊಹಿಸಿ ಅದು ತನ್ನದೇ ಸಭ್ಯ ಭಾಷೆಯಲ್ಲಿ ಹೇಳುತ್ತದೆ. ಹೋಗುವಾಗ ಒಂದು ಎಚ್ಚರಿಕೆಯನ್ನೂ ಕೊಟ್ಟಿದ್ದರು. ಎಪ್ಪತ್ತೆರಡು ಗಂಟೆಯಾದ ಮೇಲೆ ಈ ಧ್ವನಿ ಈ ಗಂಟಲಿಗೆ ಬೇರು ಬಿಟ್ಟುಬಿಡುತ್ತದೆ, ಆಮೇಲೆ ಬೇರೆ ಧ್ವನಿಯನ್ನು ಅದರೊಳಗೆ ಕೂರಿಸಲು ಬರುವುದಿಲ್ಲ. ಅಂದರೆ ಮಂಗಳವಾರ ಸಂಜೆ ಐದರೊಳಗೆ ಹಳೇ ಕಾರ್ಡು ಎದ್ದರೆ ಸರಿ, ಇಲ್ಲದಿದ್ದರೆ ಸಾಯುವತನಕ ಬುಡೇನ್‌ಸಾಬರು ವಾರ್ತೆ ಓದುತ್ತಲೇ ಇರಬೇಕು.

ಮಂಗಳವಾರ ಬೆಳಗ್ಗೆ ಹತ್ತಕ್ಕೆ ಮಾಬುನ್ನಿ ಧ್ವನಿ ಕೇಂದ್ರದ ಕಂಟ್ರೋಲ್ ರೂಮಿನಲ್ಲಿ ನಿಂತಿದ್ದಳು. ಗೋಡೆಯ ತುಂಬ ಪರದೆಗಳು. ಜಿಲ್ಲೆಯಲ್ಲಿ ಕೊರಳಪಟ್ಟಿ ಕಟ್ಟಿಕೊಂಡವರ ಗಂಟಲುಗಳೆಲ್ಲ ಅಲ್ಲಿ ಹಸಿರು ಗೆರೆಗಳಾಗಿ ಓಡುತ್ತಿದ್ದವು. ಅಲ್ಲಿನ ಎಂಜಿನಿಯರು ಶಶಿರೇಖಾ, ನಲವತ್ತರ ಹೆಂಗಸು, ಕಾರ್ಡನ್ನು ದೊಡ್ಡ ಭೂತಗನ್ನಡಿಯ ಕೆಳಗಿಟ್ಟು ನೋಡಿ ಬಾಯಲ್ಲಿ ಲೊಚಗುಟ್ಟಿದಳು.

"ಮಾಬಕ್ಕ, ಇದರ ನೆನಪಿಗೇನೂ ಆಗಿಲ್ಲ. ಸಾಬರ ಧ್ವನಿ ಒಳಗೆ ಭದ್ರವಾಗಿದೆ. ನೋಡಿ ಇಲ್ಲಿ, ನಡುವೆ ಇರೋ ಈ ದೊಡ್ಡ ಚಿಪ್‌ನ ಅಡಿಯಲ್ಲಿ ಸಾಸಿವೆಗಿಂತ ಸಣ್ಣ ಬೆಸುಗೆಯ ಗುಂಡುಗಳಿವೆ, ಎರಡು ಸಾವಿರ. ವರ್ಷಗಟ್ಟಲೆ ಕಾದು ಆರಿ, ಕಾದು ಆರಿ, ಕೆಲವು ಬಿರುಕು ಬಿಟ್ಟಿವೆ. ಅಷ್ಟೇ ರೋಗ."

"ಔಷಧಿ ಏನ್ರಿ?"

"ಬೆಸುಗೆ ಕರಗೋವರೆಗೂ ಕಾಯಿಸಿದರೆ ಬಿರುಕು ತಾನಾಗೇ ಕೂಡಿಕೊಳ್ಳುತ್ತೆ. ಕಾಯಿಸೋ ಯಂತ್ರ ಇಲ್ಲಿಂದ ತೆಗೆದು ಎಷ್ಟೋ ವರ್ಷ ಆಯ್ತು. ಬೇರೆ ಊರಿಗೆ ಕಳಿಸಿದರೆ ಎಂಟು ದಿನ ಅಂತ ಇವತ್ತು ಬೆಳಗ್ಗೆ ಉತ್ತರ ಬಂತು."

"ಎಂಟು ದಿನದ ಮೇಲೆ ತಗೊಂಡು ಏನ್ ಮಾಡ್ಲಿ? ನಮ್ಮನೇಲಿ ಕಾಯಿಸಿದರೆ?"

ಶಶಿರೇಖಾ ಬಾಗಿಲ ಕಡೆ ಒಮ್ಮೆ ನೋಡಿದಳು. ಮನೆಯಲ್ಲಿ ರಿಪೇರಿ ಮಾಡಿ ಎಂದು ಹೇಳಲು ಅವಳಿಗೆ ನಿಯಮದ ಪ್ರಕಾರ ಅವಕಾಶವಿರಲಿಲ್ಲ. ಕುರ್ಚಿ ಹತ್ತಿರ ಎಳೆದುಕೊಂಡು ದನಿ ತಗ್ಗಿಸಿದಳು. "ಮನೆಯಲ್ಲಿ ಏನೇನು ಮಾಡಬಾರದು ಅಂತ ಹೇಳ್ತೀನಿ, ಸರಿಯಾಗಿ ಕೇಳಿಸ್ಕೊಳ್ಳಿ. ಫ್ಯಾನು, ಪ್ಲಾಸ್ಟಿಕ್ಕು ಬಿಚ್ಚಬಾರದು. ಚಿಪ್ ಇರೋ ಕಡೆ ಮೇಲೆ ಬರೋ ಹಾಗೆ ಇಡಬಾರದು. ಇನ್ನೂರ ಇಪ್ಪತ್ತು ಡಿಗ್ರಿಗೆ, ಎಲ್ಲ ಕಡೆ ಒಂದೇ ಸಮ ಬಿಸಿಯಾಗೋ ಹಾಗೆ, ಖಂಡಿತ ಕಾಯಿಸಬಾರದು. ಹತ್ತು ಡಿಗ್ರಿ ಕಡಿಮೆಯಾದರೆ ಬೆಸುಗೆ ಕರಗಲ್ಲ, ಮೂವತ್ತು ಜಾಸ್ತಿಯಾದರೆ ಚಿಪ್ ಸುಟ್ಟುಹೋಗುತ್ತೆ. ಬೆಸುಗೆ ಕರಗಿದ ಮೇಲೆ ಒಂದೂವರೆ ನಿಮಿಷ ಹಾಗೇ ಬಿಡಬಾರದು. ಗೊತ್ತಾಯ್ತಲ್ಲ?"

"ಗೊತ್ತಾಯ್ತು ಬಿಡ್ರಿ, ಒಂದೂ ಮಾಡಲ್ಲ" ಎಂದು ಮಾಬುನ್ನಿ ಗಂಭೀರವಾಗಿ ತಲೆಯಾಡಿಸಿದಳು. "ಆದರೆ ಡಿಗ್ರಿ ಅಂದರೆ ನಮಗೆಲ್ಲಿ ತಿಳಿಬೇಕು? ನಮ್ಮದೇನಿದ್ದರೂ ಹದ. ಮೇಡಂ, ಅಕ್ಕಿ ಅರಳೋದು ಎಷ್ಟು ಡಿಗ್ರಿಗೆ?"

ಶಶಿರೇಖಾಗೆ ಮೊದಲು ಪ್ರಶ್ನೆಯೇ ಅರ್ಥವಾಗಲಿಲ್ಲ. ಅರ್ಥವಾದಾಗ ಅವಳ ಬೆರಳುಗಳು ಪರದೆಯ ಮೇಲೆ ಓಡಾಡಿದವು. ಒಂದು ಕಡೆ ಓದಿದಳು, ಇನ್ನೊಂದು ಕಡೆ ಓದಿದಳು, ಆಮೇಲೆ ನಿಧಾನವಾಗಿ ಮಾಬುನ್ನಿಯ ಕಡೆ ತಿರುಗಿದಳು.

"ಮರಳಲ್ಲಿ ಹುರಿದರೆ... ಇನ್ನೂರ ಇಪ್ಪತ್ತು, ಇನ್ನೂರ ನಲವತ್ತು. ಅಯ್ಯೋ ಮಾಬಕ್ಕ! ಮರಳು ಅಂದರೆ ಎಲ್ಲ ಕಡೆ ಒಂದೇ ಸಮ ಬಿಸಿ!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.  ಮಾಬುನ್ನಿ ಹುಟ್ಟಿದಾಗಿನಿಂದ ನೋಡಿಕೊಂಡು ಬಂದ ಕಪ್ಪು ಮರಳು, ಅಪ್ಪ ಹುರಿದದ್ದು, ಗಂಡ ಹುರಿದದ್ದು, ಅದು ಇಷ್ಟು ದೊಡ್ಡ ಯಂತ್ರದ ಕೆಲಸ ಮಾಡೀತೆಂದು ಯಾರು ಕಂಡಿದ್ದರು? ಶಶಿರೇಖಾ ಬೀರುವಿನಿಂದ ಮೊದಲೇ ಕೆಟ್ಟು ಬಿದ್ದಿದ್ದ ಇನ್ನೊಂದು ಕಾರ್ಡು ತೆಗೆದು ಅವಳ ಚೀಲಕ್ಕೆ ಹಾಕಿದಳು. "ಇದು ಗುಜರಿಗೆ ಹೋಗೋದು. ಮೊದಲು ಇದರ ಮೇಲೆ ಏನೂ ಮಾಡಬೇಡಿ" ಎಂದು ಕಣ್ಣು ಮಿಟುಕಿಸಿದಳು.

ಮಾಬುನ್ನಿ ಆಟೋ ಇಳಿದು ಓಡುತ್ತಲೇ ಭಟ್ಟಿಗೆ ಬಂದಳು. ವಿಷಯ ಕೇಳಿದ ಬುಡೇನ್‌ಸಾಬರು ಮೊದಲು ಮಾಡಿದ ಕೆಲಸ ಕೊರಳಪಟ್ಟಿ ಬಿಚ್ಚಿ ಗೂಟಕ್ಕೆ ನೇತುಹಾಕಿದ್ದು. ಇನ್ನೊಂದು ಮಾತೂ ಆ ಪೆಟ್ಟಿಗೆಗೆ ತಿನ್ನಿಸಬಾರದು ಎಂದು ಕೈಸನ್ನೆಯಲ್ಲಿ ಹೇಳಿದರು. ಎರಡನೆಯ ಕೆಲಸ ತಿಪ್ಪೇಶಿಯನ್ನು ಊಟಕ್ಕೆ ಕಳಿಸಿದ್ದು. ಮೂರನೆಯದು ಬಾಣಲೆಯ ಹಳೇ ಮರಳು ಸುರಿದು, ಉಪ್ಪಿನ ಕಣ ಒಂದೂ ಇಲ್ಲದ ಹೊಸ ಮರಳು ತುಂಬಿಸಿದ್ದು. ಅರವತ್ತೆರಡರ ಮನುಷ್ಯ ಹಬ್ಬದ ದಿನದ ಹುರುಪಿನಲ್ಲಿ ಓಡಾಡುತ್ತಿದ್ದರು.

ಒಲೆಯ ಬಾಯಿಗೆ ಭತ್ತದ ಹೊಟ್ಟು ಬಿತ್ತು, ಬೆಂಕಿ ಭೋರೆಂದಿತು. ಗುಜರಿಯ ಕಾರ್ಡನ್ನು ಫ್ಯಾನು ಬಿಚ್ಚಿ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ಚಿಪ್ಪಿನ ಜಾಗ ಮಾತ್ರ ಕಾಣುವಂತೆ ಬಿಟ್ಟು, ಹಿಡಿಯುಳ್ಳ ತಗಡಿನ ತಟ್ಟೆಯಲ್ಲಿ ಮಲಗಿಸಿದರು. ತಟ್ಟೆಯನ್ನು ಅಂಚಿನವರೆಗೆ ಮರಳಲ್ಲಿ ಹೂತರು. ಹಿಡಿ ಬುಡೇನ್‌ಸಾಬರ ಕೈಯಲ್ಲಿತ್ತು.

ಇನ್ನು ಹದ ನೋಡುವುದು. ಬುಡೇನ್‌ಸಾಬರು ಎಡಗೈಯಿಂದ ಒಂದು ಚಿಟಿಕೆ ಅಕ್ಕಿ ತಟ್ಟೆಯ ಪಕ್ಕ ಎರಚಿದರು. ಕಾಳು ಅಲುಗದೆ ಬಿದ್ದಿತ್ತು, ಹದ ಬಂದಿಲ್ಲ. ಮತ್ತೆ ಸ್ವಲ್ಪ ಹೊತ್ತಿಗೆ ಇನ್ನೊಂದು ಚಿಟಿಕೆ. ಕಾಳು ಕಂದಿ ಗಟ್ಟಿಯಾಯಿತು, ಇನ್ನೂ ಬೇಕು. ಮೂರನೆಯ ಚಿಟಿಕೆ ಮರಳು ಮುಟ್ಟಿದ್ದೇ ತಡ, ಚಟಪಟನೆ ಬೆಳ್ಳಗೆ ಅರಳಿತು. ಅದೇ ಹೊತ್ತಿಗೆ ಚಿಪ್ಪಿನ ಅಂಚಿನ ಬೆಸುಗೆಯೂ ಮಂಕು ಕಳೆದು ಬೆಳ್ಳಿಯಂತೆ ಹೊಳೆಯಿತು.

"ಬಂತು! ಹದ ಬಂತು!" ಎಂದು ಮಾಬುನ್ನಿ ಕಿರುಚಿದಳು.

ಅಕ್ಕಿ ಅರಳಿದ ಮರುಕ್ಷಣ ಭಟ್ಟಿಯವನು ಏನು ಮಾಡುತ್ತಾನೆ? ಝಾಡಿಸಿ ಎತ್ತಿ ಜರಡಿಗೆ ಹಾಕುತ್ತಾನೆ. ಅರೆಕ್ಷಣ ತಡವಾದರೆ ಮಂಡಕ್ಕಿ ಕೆಂಪಗಾಗುತ್ತದೆ. ನಲವತ್ತೈದು ವರ್ಷ ದಿನಕ್ಕೆ ಸಾವಿರ ಸಲ ಅದನ್ನೇ ಮಾಡಿದ ಬುಡೇನ್‌ಸಾಬರ ಕೈ ಯಾರನ್ನೂ ಕೇಳಲಿಲ್ಲ. ತಟ್ಟೆಯನ್ನು ಗಬಕ್ಕನೆ ಎತ್ತಿ, ಚೆನ್ನಾಗಿ ಒಂದು ಸಲ ಝಾಡಿಸಿಯೇಬಿಟ್ಟಿತು.

ಚಿಪ್ಪು ಜಾರಿಹೋಗಿ ಮರಳಿಗೆ ಬಿತ್ತು. ಅದರ ಹಿಂದೆ ಸಣ್ಣಪುಟ್ಟ ಬಿಡಿಭಾಗಗಳೆಲ್ಲ ಉದುರಿದವು. ತಟ್ಟೆಯಲ್ಲಿ ಉಳಿದದ್ದು ಬೋಳು ಹಲಗೆ. ಬುಡೇನ್‌ಸಾಬರು ತಮ್ಮ ಕೈಯನ್ನೇ ಬೇರೆ ಯಾರದ್ದೋ ಎಂಬಂತೆ ನೋಡಿದರು. ಬಾಯಿ ತೆರೆದರು, ಬೈದುಕೊಳ್ಳಲಿಕ್ಕೂ ಧ್ವನಿಯಿರಲಿಲ್ಲ. ಹಣೆ ಹಣೆ ಚಚ್ಚಿಕೊಂಡು ಮೂಟೆಯ ಮೇಲೆ ಕುಸಿದು ಕೂತರು.

 ಗಡಿಯಾರ ಎರಡೂಕಾಲು ತೋರಿಸುತ್ತಿತ್ತು, ಅಳುತ್ತ ಕೂರುವ ಹೊತ್ತು ಅದಲ್ಲ. ಮಾಬುನ್ನಿ ಫೋನು ತೆಗೆದು ಶಶಿರೇಖಾಗೆ ನಡೆದದ್ದು ಹೇಳಿದಳು.

"ಕರಗಿದ್ದಂತೂ ನಿಜ ಅಲ್ವಾ?" ಆ ಕಡೆಯಿಂದ ದನಿ ಉತ್ಸಾಹದಿಂದ ನಡುಗುತ್ತಿತ್ತು. "ಹದ ಸರಿಯಾಗಿದೆ ಮಾಬಕ್ಕ! ಅಲುಗಿಸಿದ್ದೊಂದೇ ತಪ್ಪು. ಕರಗಿದ ಬೆಸುಗೆ ನೀರಿನ ಹಾಗಿರುತ್ತೆ, ಉಸಿರು ತಾಗಿದರೂ ಜಾರುತ್ತೆ. ಈ ಸಲ ಅವರ ಕೈಗೆ ಕೊಡಬೇಡಿ, ನೀವು ಹಿಡ್ಕೊಳ್ಳಿ."

"ನನ್ನ ಕೈಯೇನು ಬೇರೆ ಮಣ್ಣಿಂದ ಮಾಡೈತಾ? ನಾನೂ ಮೂವತ್ತೆಂಟು ವರ್ಷದಿಂದ ಝಾಡಿಸ್ತಿದ್ದೀನಿ."

ಮಾಬುನ್ನಿ ಫೋನಿಟ್ಟು ಬಾಣಲೆಯನ್ನೇ ನೋಡುತ್ತ ನಿಂತಳು. ಭಟ್ಟಿಯಲ್ಲಿ ಬೆಂಕಿ ಇದ್ದಲ್ಲೇ ಇರುತ್ತದೆ, ಅಕ್ಕಿ ಬಂದುಹೋಗುತ್ತದೆ. ಇವತ್ತು ಅದನ್ನು ತಿರುಗಾಮುರುಗಾ ಮಾಡಬೇಕು ಎಂದು ಅವಳಿಗೆ ಹೊಳೆಯಿತು. ಕಾರ್ಡು ಇದ್ದಲ್ಲೇ ಇರಲಿ, ಬೆಂಕಿಯೇ ಎದ್ದುಹೋಗಲಿ! ಸುತ್ತಿಗೆ ತಂದು ತಟ್ಟೆಯ ಹಿಡಿಯನ್ನು ಬಡಿದು ಮುರಿದಳು. ಹಿಡಿಯೇ ಇಲ್ಲದಿದ್ದರೆ ಎತ್ತುವುದೇನನ್ನು? ಒಲೆಯ ಬಾಯಿಯಿಂದ ಕೆಂಡ ಎಳೆಯುವ ಉದ್ದನೆಯ ಕೊಕ್ಕೆಯನ್ನು ಗಂಡನ ಕೈಗೆ ಕೊಟ್ಟಳು. ಬುಡೇನ್‌ಸಾಬರು ಅವಳ ಯೋಚನೆ ತಿಳಿದು, ಮೂಟೆಯಿಂದ ಎದ್ದು, ಮೆಚ್ಚುಗೆಯಿಂದ ಅವಳ ಬೆನ್ನಿಗೊಂದು ಗುದ್ದು ಕೊಟ್ಟರು.

ಮೂರು ಗಂಟೆಗೆ ನಿಜವಾದ ಕಾರ್ಡು ಮರಳಿಗಿಳಿಯಿತು. ಎರಡನೆಯದು ಇರಲಿಲ್ಲ. ಇದು ಹೋದರೆ ಆರು ವರ್ಷ ತಿದ್ದಿ ತಿದ್ದಿ ಕಲಿಸಿದ್ದೆಲ್ಲ ಹೋಯಿತು ಎಂದು ಮಾಬುನ್ನಿಗೆ ಗೊತ್ತಿತ್ತು. ಅಕ್ಕಿ ಎರಚುವ ಕೆಲಸ ಅವಳದು, ಬೆಂಕಿ ಸಾಬರದು. ಮೊದಲ ಚಿಟಿಕೆ ಸುಮ್ಮನೆ ಬಿತ್ತು. ಎರಡನೆಯದು ಕಂದಿತು. ಮೂರನೆಯದರಲ್ಲಿ ಒಂದೆರಡು ಕಾಳು ಮಾತ್ರ ಅರೆಬರೆ ಬಿರಿದವು. ಸಾಬರು ತಲೆ ಅಲ್ಲಾಡಿಸಿ, ಇನ್ನೊಂದು ಹಿಡಿ ಹೊಟ್ಟು ಎಸೆದರು. ನಾಲ್ಕನೆಯ ಚಿಟಿಕೆ ಗಾಳಿಯಲ್ಲಿರುವಾಗಲೇ ಅವರ ಕಣ್ಣು ಅಗಲವಾಯಿತು. ಬರೀ ಮರಳಿನ ವಾಸನೆಯಿಂದ ಅವರಿಗೆ ತಿಳಿದುಹೋಗಿತ್ತು.

ಚಟಪಟ ಚಟಪಟ! ಕಾಳೆಲ್ಲ ಬೆಳ್ಳಗೆ ಅರಳಿ ಕುಣಿದವು. ಬೆಸುಗೆ ಹೊಳೆಯಿತು. ಸಾಬರು ಕೊಕ್ಕೆ ಹಾಕಿ ಕೆಂಡವನ್ನೆಲ್ಲ ಒಂದೇ ಎಳೆತಕ್ಕೆ ಹೊರಗೆಳೆದು ಕೊಕ್ಕೆ ಬಿಸಾಕಿದರು. ಬಿಸಾಕಿದ್ದೇ ತಡ, ಖಾಲಿಯಾದ ಅವರ ಕೈ ಬಾಣಲೆಯ ಕಡೆ ಹೊರಟಿತು. ಮಾಬುನ್ನಿಯ ಕೈಯೂ ಹೊರಟಿತ್ತು. ಹಿಡಿ ಮುರಿದರೇನು, ಅಭ್ಯಾಸ ಮುರಿದಿರಲಿಲ್ಲ. ಇನ್ನೊಂದು ಗೇಣು ಮುಂದೆ ಹೋಗಿದ್ದರೆ ಬಾಣಲೆಯ ಅಂಚನ್ನೇ ಹಿಡಿದು ಕುಲುಕಿಬಿಡುತ್ತಿದ್ದರು. ಅವಳು ಅವರ ಮಣಿಕಟ್ಟು ಹಿಡಿದಳು, ಅವರು ಅವಳ ಮಣಿಕಟ್ಟು ಹಿಡಿದರು.

ಹಾಗೇ ನಿಂತರು. ಅರಳಿದ ಮಂಡಕ್ಕಿ ಕಣ್ಣೆದುರೇ ಕೆಂಪಗಾಗುತ್ತಿತ್ತು. ಎತ್ತು, ಎತ್ತು, ಸೀಯುತ್ತಿದೆ ಎಂದು ಮೈಯ ನರನರವೂ ಕೂಗುತ್ತಿತ್ತು. ಅವರ ತೋಳು ಬಿಗಿಯುವುದು ಅವಳಿಗೆ ತಿಳಿಯುತ್ತಿತ್ತು, ಅವಳ ಬೆರಳು ತುಡಿಯುವುದು ಅವರಿಗೆ. ಮಾಬುನ್ನಿ ಮನಸ್ಸಿನಲ್ಲಿ ಎಣಿಸುತ್ತಿದ್ದಳು, ನಲವತ್ತು, ನಲವತ್ತೊಂದು. ಮಂಡಕ್ಕಿ ಕಂದು ಬಣ್ಣಕ್ಕೆ ತಿರುಗಿ ಹೊಗೆಯಾಡಿತು. ಮದುವೆಯಾದಾಗಿನಿಂದ ಇಷ್ಟು ಹೊತ್ತು ಅವರು ಕೈ ಕೈ ಹಿಡಿದುಕೊಂಡು ನಿಂತದ್ದೇ ಇಲ್ಲ ಎಂದು ಎಪ್ಪತ್ತರ ಹತ್ತಿರ ಅವಳಿಗೆ ನೆನಪಾಗಿ, ಆ ಗಡಿಬಿಡಿಯಲ್ಲೂ ನಾಚಿಕೆಯಾಯಿತು. ತೊಂಬತ್ತಾಯಿತು. ಬೆಸುಗೆಯ ಹೊಳಪು ಮೆಲ್ಲಗೆ ಮಂಕಾಗಿ ಗಟ್ಟಿಯಾಯಿತು. ಆದರೂ ಇಬ್ಬರೂ ಕೈ ಬಿಡಲಿಲ್ಲ, ಎಲ್ಲಿ ಬಿಟ್ಟರೆ ಏನು ಮಾಡಿಕೊಳ್ಳುತ್ತೇವೋ ಎಂಬ ಭಯ.

ಊಟ ಮುಗಿಸಿ ಬಂದ ತಿಪ್ಪೇಶಿ ಬಾಗಿಲಲ್ಲೇ ನಿಂತು ಈ ನೋಟ ನೋಡಿ, ಏನೂ ಕಾಣದವನಂತೆ ಹಿಂದಕ್ಕೆ ತಿರುಗಿ ಹೋದ.

ಕಾರ್ಡು ಆರಲು ಮುಕ್ಕಾಲು ಗಂಟೆ ಹಿಡಿಯಿತು. ನಾಲ್ಕು ಗಂಟೆಗೆ ಅದನ್ನು ಹಳೆಯ ಕಂಪ್ಯೂಟರಿಗೆ ಸಿಕ್ಕಿಸಿ, ಫ್ಯಾನು ಮತ್ತೆ ಕೂರಿಸಿ, ಮಾಬುನ್ನಿ "ಬಿಸ್ಮಿಲ್ಲಾ" ಎಂದು ಗುಂಡಿ ಒತ್ತಿದಳು. ಪರದೆ ಕಪ್ಪಗಿತ್ತು. ಒಂದು ಉಸಿರು, ಎರಡು ಉಸಿರು. ಆಮೇಲೆ ಮೂಲೆಯಲ್ಲೊಂದು ಗೆರೆ ಮಿಣುಕಿತು, ಫ್ಯಾನು ಗುಯ್ಯೆಂದಿತು, ಪರದೆ ಝಗ್ಗನೆ ಬೆಳಗಿತು.

"ಎದ್ದೈತೆ ಮೇಡಂ! ಎದ್ದೈತೆ!" ಎಂದು ಮಾಬುನ್ನಿ ಫೋನಿನಲ್ಲಿ ಕೂಗಿದ್ದಕ್ಕೆ ಕಂಟ್ರೋಲ್ ರೂಮಿನಲ್ಲಿ ಶಶಿರೇಖಾ ಕುರ್ಚಿಯಿಂದ ಎದ್ದ ಸದ್ದು ಇಲ್ಲಿಗೆ ಕೇಳಿಸಿತು.

"ಈಗ ಮುಖ್ಯವಾದ ಮಾತು ಕೇಳಿ. ಇಂಥ ರಿಪೇರಿ ಬಹಳ ದಿನ ಬಾಳಲ್ಲ. ಕೆಲವು ವಾರ ಬರಬಹುದು, ಕೆಲವು ನಿಮಿಷ ಬರಬಹುದು. ನಾನು ಇಲ್ಲಿಂದಲೇ ಧ್ವನಿಯನ್ನ ನಿಮ್ಮ ಹೊಸ ಪೆಟ್ಟಿಗೆಗೆ ಇಳಿಸ್ತೀನಿ. ಮೊದಲು ಅಲ್ಲಿರೋ ಸಿದ್ಧಧ್ವನಿಯನ್ನ ಅಳಿಸಬೇಕು, ಆಮೇಲೆ ಹಿಂದಕ್ಕೆ ಬರೋಕಾಗಲ್ಲ. ಅರ್ಧದಲ್ಲಿ ಕಾರ್ಡು ಸತ್ತರೆ ಸಾಬರಿಗೆ ಅದೂ ಇರಲ್ಲ, ಇದೂ ಇರಲ್ಲ. ಇಳಿಸೋಕೆ ನಲವತ್ತು ನಿಮಿಷ ಬೇಕು, ಮೊದಲು ಇಲ್ಲೊಂದು ನಕಲು ತೆಗೆಯೋಕೆ ಐದರೊಳಗೆ ಹೊತ್ತಿಲ್ಲ. ಏನ್ ಮಾಡಲಿ?"

ಮಾಬುನ್ನಿ ಗಂಡನ ಮುಖ ನೋಡಿದಳು. ಹೋದರೆ ಸಭ್ಯ ಮಾತೂ ಇಲ್ಲ, ಬೈಗುಳವೂ ಇಲ್ಲ, ಇನ್ನುಳಿದ ಆಯುಷ್ಯಕ್ಕೆಲ್ಲ ಕೈಸನ್ನೆಯೇ ಗತಿ. ಬುಡೇನ್‌ಸಾಬರು ಒಂದು ಕ್ಷಣವೂ ಯೋಚಿಸಲಿಲ್ಲ. ಹಲಗೆಯ ಮೇಲಿನ ಪೆಟ್ಟಿಗೆಯ ಕಡೆ ಬೆರಳು ತೋರಿಸಿ, ಅದೇ ಬೆರಳಿನಿಂದ ಅಳಿಸುವಂತೆ ಗಾಳಿಯಲ್ಲಿ ಒರೆಸಿದರು.

"ಅಳಿಸಿಬಿಡ್ರಿ" ಎಂದಳು ಮಾಬುನ್ನಿ.

ಪರದೆಯ ಮೇಲೆ ಅಂಕಿ ಏರತೊಡಗಿತು. ಹತ್ತು. ಹದಿನಾರು. ಕಾರ್ಡು ಬಿಸಿಯಾಗುತ್ತಿತ್ತು. ಅದರ ಫ್ಯಾನು ಸಾಲದು ಎಂದು ತಿಪ್ಪೇಶಿ ಮೊರ ತಂದು ಬೀಸತೊಡಗಿದ. ಅವನ ತೋಳು ಸೋತಾಗ ಸಾಬರು, ಸಾಬರು ಸೋತಾಗ ಮಾಬುನ್ನಿ. ಪಕ್ಕದ ಭಟ್ಟಿಗಳವರಿಗೆ ಸುದ್ದಿ ಮುಟ್ಟಿ ಒಬ್ಬೊಬ್ಬರೇ ಬಂದು ಬಾಗಿಲಲ್ಲಿ ನಿಂತರು.  ನಲವತ್ತೊಂದು ಎಂದಾಗ ಪರದೆ ಒಮ್ಮೆ ನಡುಗಿತು, ಇಡೀ ಗುಂಪು ಹಾ ಎಂದಿತು, ಮತ್ತೆ ಸರಿಹೋಯಿತು. ಅರವತ್ತೆಂಟು. ಎಪ್ಪತ್ತೊಂಬತ್ತು. ಗಡಿಯಾರದಲ್ಲಿ ನಾಲ್ಕೂ ಮುಕ್ಕಾಲು.

ತೊಂಬತ್ತರ ಮೇಲೆ ಪರದೆಯ ತುಂಬ ಬಣ್ಣಬಣ್ಣದ ಚುಕ್ಕಿಗಳೆದ್ದವು. "ಜೋರಾಗಿ ಬೀಸು ತಿಪ್ಪೇಶಿ!" ಎಂದು ಯಾರೋ ಕೂಗಿದರು. ತೊಂಬತ್ತಾರು. ತೊಂಬತ್ತೇಳು. ತೊಂಬತ್ತೆಂಟು.

ಟಕ್ ಎಂದಿತು. ಪರದೆ ಕಪ್ಪಾಯಿತು, ಫ್ಯಾನು ನಿಂತಿತು. ಸುಟ್ಟ ವಾಸನೆಯೊಂದು ಮೆಲ್ಲಗೆ ಎದ್ದುಬಂತು.

ತಿಪ್ಪೇಶಿ ಸತ್ತ ಕಾರ್ಡಿಗೆ ಬೀಸುತ್ತಲೇ ಇದ್ದ. ಮಾಬುನ್ನಿ ನೆಲಕ್ಕೆ ಕೂತಳು. ಎರಡೇ ಎರಡು ಅಂಕಿ! ನಾನೇ ಅಳಿಸಿಬಿಡ್ರಿ ಅಂದೆನಲ್ಲ, ಸಭ್ಯವೋ ಗಿಭ್ಯವೋ ಒಂದು ಮಾತಾದರೂ ಉಳಿದಿರುತ್ತಿತ್ತಲ್ಲ ಎಂದು ಒಡಲು ಉರಿಯಿತು. ತಲೆಯೆತ್ತಿ ಗಂಡನನ್ನು ನೋಡುವ ಧೈರ್ಯ ಬರಲಿಲ್ಲ.

"ಮಾಬಕ್ಕ! ಮಾಬಕ್ಕ, ಕೇಳಿಸ್ತಿದೆಯಾ?" ಫೋನು ನೆಲದ ಮೇಲಿಂದ ಕಿರುಚುತ್ತಿತ್ತು. "ನಿಮ್ಮ ಪರದೆ ಹಿಂದೆ ಬಿದ್ದಿತ್ತು ಕಣ್ರೀ! ಇಲ್ಲಿ ನೂರು ತೋರಿಸ್ತಿದೆ! ಪೂರ್ತಿ ಇಳಿದಿದೆ! ಪಟ್ಟಿ ಕಟ್ಟಿ, ಬೇಗ ಪಟ್ಟಿ ಕಟ್ಟಿ!"

ಗೂಟದ ಮೇಲಿನ ಪಟ್ಟಿ ಎಷ್ಟು ಕೈ ದಾಟಿ ಬಂತೋ ಗೊತ್ತಿಲ್ಲ. ಬುಡೇನ್‌ಸಾಬರು ಅದನ್ನು ಕೊರಳಿಗೆ ಬಿಗಿದುಕೊಂಡು, ಹಲಗೆಯ ಮೇಲಿನ ಪೆಟ್ಟಿಗೆಯನ್ನು ದುರುಗುಟ್ಟಿ ನೋಡಿದರು. ಬಾಯಿ ತೆರೆದರು, ಮುಚ್ಚಿದರು.  ಬೆಳಗಿನಿಂದ ಬೆಂಕಿಯ ಮುಂದಿದ್ದು ನಾಲಿಗೆ ಒಣಗಿ ಅಂಟಿಕೊಂಡಿತ್ತು.

"ಏ ಇವಳೇ... ನೀರು ಕೊಡೇ."

ಗೊಗ್ಗರು ದನಿ. ಕೊನೆಯನ್ನು ಎಳೆಯುವ ಅದೇ ಚಾಳಿ. ಬಾಗಿಲಲ್ಲಿದ್ದವರು ಹೋ ಎಂದು ಕೂಗಿದರು, ತಿಪ್ಪೇಶಿ ಮೊರವನ್ನು ಮೇಲಕ್ಕೆ ಎಸೆದ, ಫೋನಿನಲ್ಲಿ ಶಶಿರೇಖಾ ಚಪ್ಪಾಳೆ ತಟ್ಟುತ್ತಿದ್ದಳು. ಮಾಬುನ್ನಿ ಎದ್ದು ಒಳಗೆ ಓಡಿದಳು. ಬಿಂದಿಗೆಯ ಮುಂದೆ ನಿಂತು ಲೋಟ ತುಂಬಿದಳು, ಕಣ್ಣೀರು ಧಾರಾಕಾರ ಸುರಿಯಿತು, ಒರೆಸಿಕೊಳ್ಳಲೂ ಇಲ್ಲ.

"ನೀರು ತರೋಕೆ ಹೋದಳೋ, ಬಾವಿ ತೋಡೋಕೆ ಹೋದಳೋ? ಎಲ್ಲಿ ಸತ್ತೆಯೇ?"

ಲೋಟ ತುಂಬಿತ್ತು. ಬಾಗಿಲು ನಾಲ್ಕೇ ಹೆಜ್ಜೆ ದೂರದಲ್ಲಿತ್ತು. ಮಾಬುನ್ನಿ ಲೋಟವನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು, ಇನ್ನೊಂದು ಸಲ ಬೈಯಲಿ ಎಂದು ಅಲ್ಲೇ ಕಾಯುತ್ತ ನಿಂತಳು.